ಅಚ್ಚುಮೊಳೆಯ ಆಮಂತ್ರಣ: ಮನೆಯ ಶುಭಕಾರ್ಯದಿಂದ ತರಗತಿಯ ಅಕ್ಷರಪಾಠಕ್ಕೆ

ಗಡಿಯಾಚೆಯ ಕನ್ನಡ ಮನೆಗಳಿಗೆ ಬರುವ ಅಚ್ಚಿನ ಕಾಗದಗಳಲ್ಲಿ ಕನ್ನಡದ ಪಾಲು ಕಡಿಮೆ. ವಿದ್ಯುತ್ ಬಿಲ್ಲು, ಔಷಧದ ಚೀಟಿ, ಬ್ಯಾಂಕಿನ ಪಾಸುಪುಸ್ತಕ, ಅಂಗಡಿಯ ರಸೀದಿ ಇವೆಲ್ಲ ಬಹುಮಟ್ಟಿಗೆ ಆಯಾ ರಾಜ್ಯದ ಭಾಷೆಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತವೆ. ಮಗುವಿನ ಪಠ್ಯಪುಸ್ತಕವನ್ನು ಬಿಟ್ಟರೆ, ಮನೆಯವರೇ ಮಾತು ಹೊಂದಿಸಿ, ಮನೆಯವರೇ ಹಣ ತೆತ್ತು ಅಚ್ಚುಹಾಕಿಸುವ ಕನ್ನಡ ಬರಹವೆಂದರೆ ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ ಅಥವಾ ನಾಮಕರಣದ ಆಮಂತ್ರಣ. ಅದರ ನಾಲ್ಕು ಮೂಲೆಗೆ ಅರಿಶಿನ ಹಚ್ಚುತ್ತಾರೆ. ಮೊದಲ ಪ್ರತಿಯನ್ನು ಮನೆದೇವರ ಮುಂದಿಡುತ್ತಾರೆ. ಅಷ್ಟು ಗೌರವಕ್ಕೆ ಪಾತ್ರವಾದ ಆ ಹಾಳೆಯಲ್ಲಿ ಅಜ್ಜನ ಊರಿನ ಹೆಸರು ತಪ್ಪಾಗಿ ಅಚ್ಚಾದರೆ, ಆ ತಪ್ಪೇ ಮುಂದಿನ ತಲೆಮಾರಿಗೆ ಸರಿಯಾದ ರೂಪವಾಗಿಬಿಡುವ ಸಂಭವವುಂಟು. ತಿದ್ದಲು ಮನೆಯಲ್ಲಿ ಕನ್ನಡ ಓದಬಲ್ಲವರು ನಮ್ಮ ವಿದ್ಯಾರ್ಥಿಗಳಷ್ಟೇ ಆಗಿರುವ ಕುಟುಂಬಗಳೂ ಇವೆ.

ಆದಕಾರಣ ಆಮಂತ್ರಣಪತ್ರಿಕೆಯನ್ನು ಭಾಷಾಪಾಠದ ಸಾಮಗ್ರಿಯಾಗಿ ಬಳಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಹಳೆಯ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸಿ ಪತ್ರಿಕೆ ಮುದ್ರಿಸುತ್ತಿದ್ದ ಕ್ರಮವನ್ನು ಮೊದಲು ತಿಳಿದುಕೊಳ್ಳೋಣ. ಅದು ಕೇವಲ ಹಳೆಯ ಕಾಲದ ಕೌತುಕವಲ್ಲ. ಕನ್ನಡ ಲಿಪಿ ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು ಅದರಷ್ಟು ಸ್ಪಷ್ಟವಾಗಿ ತೋರಿಸುವ ಪಾಠೋಪಕರಣ ಇನ್ನೊಂದಿಲ್ಲ.

ಕನ್ನಡ ಮುದ್ರಣದ ಕಥೆಗೂ ಗಡಿನಾಡಿಗೂ ನಂಟಿದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯವು 1841ರಲ್ಲಿ ಆರಂಭವಾಯಿತು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಮೊಳೆಯಿಂದಲ್ಲ, ಕಲ್ಲಚ್ಚಿನಿಂದ ಮುದ್ರಿತವಾದ ಪತ್ರಿಕೆ, ಮರುವರ್ಷ ಅದು ಬಳ್ಳಾರಿಗೆ ಹೋದ ಮೇಲೆ ಅಚ್ಚುಮೊಳೆಗೆ ಬಂದಿತು. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೂ, ಆದವಾನಿ ಮತ್ತು ರಾಯದುರ್ಗ ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿಯೂ ಇದ್ದವೆಂಬುದನ್ನು ನೆನೆದರೆ, ಈ ಎರಡು ಮುದ್ರಣ ಕೇಂದ್ರಗಳು ಇಂದಿನ ನಮ್ಮ ಶಾಲೆಗಳ ಹಿರಿಯರಿಗೆ ತಮ್ಮದೇ ಜಿಲ್ಲೆಯವಾಗಿದ್ದವೆಂದು ತಿಳಿಯುತ್ತದೆ.

ಮೊಳೆ, ಮನೆ, ಕಂಪೋಸಿಟರ್

ಅಚ್ಚುಮೊಳೆಯೆಂಬುದು ಸೀಸ, ಆಂಟಿಮನಿ ಮತ್ತು ತವರಗಳ ಮಿಶ್ರಲೋಹದ ಒಂದು ಸಣ್ಣ ಕಂಬ. ಬರಿಯ ಸೀಸ ಮೃದು. ಆಂಟಿಮನಿ ಸೇರಿದರೆ ಗಡಸಾಗಿ, ಅಚ್ಚಿನ ಮೂಲೆಮೂಲೆಗೂ ಎರಕ ತುಂಬಿಕೊಳ್ಳುತ್ತದೆ. ಕಂಬದ ನೆತ್ತಿಯ ಮೇಲೆ ಅಕ್ಷರವು ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ ಉಬ್ಬಿರುತ್ತದೆ. ಇಂಗ್ಲಿಷ್ ಪದ್ಧತಿಯಲ್ಲಿ ಮೊಳೆಯ ಎತ್ತರ 0.918 ಅಂಗುಲ, ಎಂದರೆ ಸುಮಾರು 23.3 ಮಿಲಿಮೀಟರ್. ಎಲ್ಲ ಮೊಳೆಗಳೂ ಈ ಎತ್ತರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮನಾಗಿರಬೇಕು. ತಗ್ಗಿದ ಮೊಳೆಗೆ ಶಾಯಿ ತಗಲದು, ಎತ್ತರದ ಮೊಳೆ ಕಾಗದವನ್ನು ತೂತು ಮಾಡೀತು. ಅಕ್ಷರದ ಗಾತ್ರವನ್ನು ಪಾಯಿಂಟ್‌ಗಳಲ್ಲಿ ಹೇಳುತ್ತಾರೆ. 72 ಪಾಯಿಂಟ್ ಸೇರಿದರೆ ಒಂದು ಅಂಗುಲ.

ಮೊಳೆಗಳನ್ನು ಇರಿಸುವ ಮರದ ತಟ್ಟೆಗೆ ಕೇಸ್ ಎಂದು ಹೆಸರು. ಅದರ ಪ್ರತಿ ಗೂಡೂ ಒಂದೊಂದು ಅಕ್ಷರದ ಮನೆ. ಮೊಳೆ ಜೋಡಿಸುವವನನ್ನು ಕಂಪೋಸಿಟರ್ ಎಂದೇ ಕನ್ನಡದಲ್ಲಿಯೂ ಕರೆಯುವುದು ರೂಢಿ. ಎಡಗೈಯಲ್ಲಿ ಹಿಡಿದ ಸ್ಟಿಕ್ಕಿನೊಳಗೆ ಅವನು ಮೊಳೆಗಳನ್ನು ತಲೆಕೆಳಗಾಗಿ, ಎಡದಿಂದ ಬಲಕ್ಕೆ ನಿಲ್ಲಿಸುತ್ತ ಹೋಗುತ್ತಾನೆ. ಮೊಳೆಯ ಮೈಮೇಲಿನ ಗೀರು ಎತ್ತ ಇದೆಯೆಂಬುದನ್ನು ಬೆರಳೇ ತಿಳಿಸುತ್ತದೆ. ಕಣ್ಣಿಗೆ ಆ ಕೆಲಸವಿಲ್ಲ. ಪದಗಳ ನಡುವೆ ಅಕ್ಷರವಿಲ್ಲದ ಗಿಡ್ಡ ಮೊಳೆ, ಸಾಲುಗಳ ನಡುವೆ ಲೋಹದ ಪಟ್ಟಿ. ಆಮಂತ್ರಣದ ಸಾಲುಗಳು ನಡುವಿಗೆ ಬರಬೇಕಾದುದರಿಂದ ಎರಡೂ ಬದಿಗೆ ಸಮನಾದ ಖಾಲಿ ಮೊಳೆಗಳನ್ನು ತುಂಬಬೇಕು. ಆಮೇಲೆ ಎಲ್ಲವನ್ನೂ ಕಬ್ಬಿಣದ ಚೌಕಟ್ಟಿನೊಳಗೆ ಬಿಗಿದು, ಕಾಲಿನಿಂದ ತುಳಿದು ನಡೆಸುವ ಟ್ರೆಡಲ್ ಯಂತ್ರಕ್ಕೆ ಏರಿಸುತ್ತಾರೆ. ಮೊದಲು ತೆಗೆಯುವ ಪ್ರತಿ ಕರಡಚ್ಚು. ಅದನ್ನು ಓದಿ ತಿದ್ದುವ ಕೆಲಸಕ್ಕೆ ಮದುವೆ ಮನೆಯ ಹಿರಿಯರೊಬ್ಬರು ಅಚ್ಚುಕೂಟಕ್ಕೆ ಬಂದು ಕೂರುತ್ತಿದ್ದರು. ಅವರ ಕಣ್ಣು ತಪ್ಪಿಸಿ ಉಳಿದುಕೊಂಡ ದೋಷವೆಲ್ಲ ‘ಮುದ್ರಾರಾಕ್ಷಸ’ನ ಲೆಕ್ಕಕ್ಕೆ.

ಕಾಗುಣಿತವೇ ಕೇಸಿನ ನಕ್ಷೆ

ಶಿಕ್ಷಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇದು. ಕನ್ನಡದಲ್ಲಿ ಪ್ರತಿಯೊಂದು ಗುಣಿತಾಕ್ಷರಕ್ಕೂ ಪ್ರತಿಯೊಂದು ಸಂಯುಕ್ತಾಕ್ಷರಕ್ಕೂ ಬೇರೆ ಬೇರೆ ಮೊಳೆ ಎರೆಯಹೊರಟರೆ ಸಾವಿರಾರು ಮನೆಗಳ ಕೇಸು ಬೇಕಾದೀತು. ಆದುದರಿಂದ ಅಕ್ಷರವನ್ನು ಭಾಗಗಳಾಗಿ ಒಡೆದು ಎರಕ ಹೊಯ್ದರು. ‘ಕೀ’ ಎಂಬುದಕ್ಕೆ ‘ಕಿ’ ಮೊಳೆಯ ಪಕ್ಕದಲ್ಲಿ ದೀರ್ಘದ ಮೊಳೆ. ‘ಕೇ’ ಎಂಬುದಕ್ಕೆ ‘ಕೆ’ ಮತ್ತು ಅದೇ ದೀರ್ಘ. ‘ಕೊ’ ಎಂದರೆ ‘ಕೆ’ ಮತ್ತು ಕೊಂಬಿನ ಇಳಿ. ‘ಕೋ’ ಎಂದರೆ ‘ಕೆ’, ಕೊಂಬಿನ ಇಳಿ, ದೀರ್ಘ, ಹೀಗೆ ಮೂರು ತುಂಡು. ಎರಕದ ಕಾರ್ಖಾನೆಗಳ ನಡುವೆ ವಿವರಗಳಲ್ಲಿ ವ್ಯತ್ಯಾಸವಿರುತ್ತಿತ್ತಾದರೂ ತತ್ತ್ವ ಇದೇ.

ನಮ್ಮ ಹಳೆಯ ಮಗ್ಗಿಯಂಥ ಕಾಗುಣಿತ ಪಾಠವನ್ನು ಈಗ ನೆನಪಿಸಿಕೊಳ್ಳಿ: ತಲಕಟ್ಟು, ಇಳಿ, ಗುಡಿಸು, ಗುಡಿಸಿನ ದೀರ್ಘ, ಕೊಂಬು, ಕೊಂಬಿನ ಇಳಿ, ಏತ್ವ, ಏತ್ವದ ದೀರ್ಘ. ‘ಗುಡಿಸಿನ ದೀರ್ಘ’, ‘ಏತ್ವದ ದೀರ್ಘ’ ಎಂಬ ಹೆಸರುಗಳಲ್ಲಿಯೇ ದೀರ್ಘವು ಬೇರೆಯೊಂದು ತುಂಡೆಂಬುದು ಅಡಗಿದೆ. ಈ ಹೆಸರುಗಳನ್ನು ಹಳತೆಂದು ಕೈಬಿಟ್ಟ ಶಾಲೆಗಳಿವೆ. ಕೈಬಿಡಬಾರದೆಂಬುದು ಈ ಲೇಖಕನ ಅಭಿಪ್ರಾಯ. ಇಂದಿನ ಗಣಕದ ಯೂನಿಕೋಡ್ ಕೂಡ ಆ ದೀರ್ಘಕ್ಕೆ ಪ್ರತ್ಯೇಕ ಸಂಕೇತವನ್ನು ಇರಿಸಿಕೊಂಡಿದೆ.

ಆಮಂತ್ರಣದ ಒಂದೇ ಒಂದು ಸಾಲನ್ನು ಕಪ್ಪುಹಲಗೆಯ ಮೇಲೆ ಬರೆದು ಒಡೆಯಿಸಿ ನೋಡಿ:

ಬಂಧುಮಿತ್ರರೊಡನೆ ಬಂದು ಹರಸಬೇಕಾಗಿ ಪ್ರಾರ್ಥನೆ

ಅನುಸ್ವಾರವನ್ನು ಅದರ ಹಿಂದಿನ ಅಕ್ಷರದೊಡನೆ ಸೇರಿಸಿ ಎಣಿಸಿದರೆ ಇದರಲ್ಲಿ 18 ಅಕ್ಷರಗಳಿವೆ. ಮೊಳೆಗಳನ್ನು ಎಣಿಸಿದರೆ 27. ಮೊದಲ ಪದಕ್ಕೆ 11: ಬ, ಅನುಸ್ವಾರ, ಧ, ಕೊಂಬು, ಮಿ, ತ, ರಕಾರದ ಒತ್ತು, ರೆ, ಕೊಂಬಿನ ಇಳಿ, ಡ, ನೆ. ಎರಡನೆಯದಕ್ಕೆ 4, ಮೂರನೆಯದಕ್ಕೆ 7, ನಾಲ್ಕನೆಯದಕ್ಕೆ 5. ಬ, ಅನುಸ್ವಾರ, ಕೊಂಬು, ರಕಾರದ ಒತ್ತು, ನೆ ಎಂಬ ಐದು ಎರಡೆರಡು ಬಾರಿ ಬರುವುದರಿಂದ ಬೇರೆ ಬೇರೆ ಮೊಳೆಗಳು 22. ನಾಲ್ಕನೆಯ ತರಗತಿಯ ಮಕ್ಕಳೂ ಈ ಲೆಕ್ಕವನ್ನು ಉತ್ಸಾಹದಿಂದ ಮಾಡುತ್ತಾರೆ. ಒಬ್ಬರ ಉತ್ತರಕ್ಕೂ ಇನ್ನೊಬ್ಬರ ಉತ್ತರಕ್ಕೂ ಹೊಂದದಿದ್ದಾಗ ನಡೆಯುವ ವಾದವೇ ಒಳ್ಳೆಯ ಪಾಠ.

ಇದೇ ಸಾಲಿನಲ್ಲಿ ‘ಬಂಧು’ ಮತ್ತು ‘ಬಂದು’ ಎರಡೂ ಇರುವುದು ಉದ್ದೇಶಪೂರ್ವಕ. ದಕಾರದ ಕೆಳಗೊಂದು ಸೀಳು ಬಂದರೆ ಧಕಾರ, ಅದರ ಹೊಟ್ಟೆಯೊಳಗೊಂದು ಚುಕ್ಕೆ ಬಂದರೆ ಥಕಾರ. ಸವೆದ ಮೊಳೆಯಲ್ಲಿ ಶಾಯಿ ತುಂಬಿಕೊಂಡರೆ ಸೀಳು ಮುಚ್ಚಿಹೋಗುತ್ತದೆ, ಚುಕ್ಕೆ ಕಲೆಸಿಹೋಗುತ್ತದೆ. ಆಗ ವಧು ‘ವದು’ವಾಗುತ್ತಾಳೆ, ಪ್ರಾರ್ಥನೆ ‘ಪ್ರಾರ್ಧನೆ’ಯಾಗುತ್ತದೆ. ಮಹಾಪ್ರಾಣದ ಉಚ್ಚಾರ ಮನೆಮಾತಿನಲ್ಲಿ ಸಡಿಲವಾಗಿರುವ ಮಕ್ಕಳಿಗೆ, ಅದರ ಬೆಲೆಯನ್ನು ಕಿವಿಗಿಂತ ಕಣ್ಣಿನ ಮೂಲಕ ಮನಗಾಣಿಸುವುದು ಸುಲಭ.

ಇನ್ನು ‘ಪ್ರಾರ್ಥನೆ’ಯಲ್ಲಿ ರಕಾರ ಎರಡು ವೇಷ ತೊಟ್ಟಿದೆ. ಮೊದಲನೆಯದು ಪಕಾರದ ಒತ್ತು, ಎರಡನೆಯದು ಅರ್ಕಾವತ್ತು. ಉಚ್ಚಾರದಲ್ಲಿ ಥಕಾರಕ್ಕಿಂತ ಮೊದಲು ಬರುವ ರಕಾರವು ಅಚ್ಚಿನ ಸಾಲಿನಲ್ಲಿ ಥಕಾರದ ನಂತರ ನಿಲ್ಲುತ್ತದೆ. ಕಂಪೋಸಿಟರ್ ಕೈ ಥಕಾರದ ಮನೆಗೆ ಮೊದಲು ಹೋಗಿ, ಆಮೇಲೆ ಅರ್ಕಾವತ್ತಿನ ಮನೆಗೆ ಹೋಗಬೇಕು. ನೆರೆಭಾಷೆಯ ಲಿಪಿಯನ್ನೂ ಜೊತೆಗೇ ಕಲಿಯುವ ನಮ್ಮ ಮಕ್ಕಳಿಗೆ ಇದು ಎಡವುವ ಕಲ್ಲು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಮಗು ಮರಾಠಿಯಲ್ಲಿ ಇದೇ ಪದವನ್ನು ಬರೆಯುವಾಗ ರಕಾರವನ್ನು ಥಕಾರದ ನೆತ್ತಿಯ ಮೇಲೆ ಕೊಕ್ಕೆಯಾಗಿ ಇಡುತ್ತದೆ. ಆದವಾನಿ, ಮಡಕಶಿರದ ಮಗು ತೆಲುಗಿನಲ್ಲಿ ರಕಾರವನ್ನು ಪೂರ್ಣವಾಗಿ ಬರೆದು ಥಕಾರವನ್ನು ಒತ್ತಾಗಿಸುತ್ತದೆ. ಕಾಸರಗೋಡು, ವಯನಾಡಿನ ಮಗುವಿಗೆ ಮಲಯಾಳದ ಚಿಲ್ಲಕ್ಷರದ ಅಭ್ಯಾಸ. ತಾಳವಾಡಿ, ಹೊಸೂರಿನ ಮಗು ತಮಿಳಿನಲ್ಲಿ ರಕಾರದ ಮೇಲೊಂದು ಚುಕ್ಕೆಯಿಟ್ಟು ಮುಂದೆ ಸಾಗುತ್ತದೆ. ಆದಕಾರಣ ‘ಅರ್ಕಾವತ್ತು ತಪ್ಪಿತು’ ಎಂದು ಕೆಂಪು ಗೆರೆ ಎಳೆಯುವ ಮೊದಲು, ಮಗು ಯಾವ ಲಿಪಿಯ ಜಾಡಿನಲ್ಲಿ ನಡೆಯಿತೆಂಬುದನ್ನು ನೋಡಬೇಕು. ಮೊಳೆಗಳನ್ನು ಕೈಯಿಂದ ಎತ್ತಿ ಸಾಲಾಗಿ ಇಡುವಾಗ ಈ ವ್ಯತ್ಯಾಸ ಮಾತಿನ ವಿವರಣೆ ಇಲ್ಲದೆಯೇ ತಿಳಿದುಬಿಡುತ್ತದೆ.

ಹಳೆಯ ಪತ್ರಿಕೆಗಳನ್ನು ಓದುವುದು

ಮನೆಯ ಪೆಟ್ಟಿಗೆಯಲ್ಲಿ, ಪಂಚಾಂಗದ ನಡುವೆ, ದೇವರ ಗೂಡಿನಲ್ಲಿ ಹಳೆಯ ಆಮಂತ್ರಣಗಳು ಉಳಿದಿರುವುದುಂಟು. ಮಕ್ಕಳಿಂದ ಅವನ್ನು ತರಿಸಿ. ಬೆನ್ನುಬದಿಯನ್ನು ಬೆರಳಿನಿಂದ ಸವರಿದರೆ ಅಕ್ಷರಗಳು ಉಬ್ಬಾಗಿ ತಗಲುವ ಪತ್ರಿಕೆ ಅಚ್ಚುಮೊಳೆಯದು, ನುಣುಪಾಗಿದ್ದರೆ ಆಫ್‌ಸೆಟ್ಟಿನದು. ಮೊಳೆಯ ಅಚ್ಚಿನಲ್ಲಿ ಅಕ್ಷರದ ಅಂಚಿಗೆ ಶಾಯಿ ಒತ್ತರಿಸಿಕೊಂಡು ತುಸು ಕಪ್ಪಾಗಿ ಕಾಣುವುದೂ ಉಂಟು. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚುಕೂಟದ ಹೆಸರಿದ್ದರೆ, ನಿಮ್ಮ ಪಟ್ಟಣದಲ್ಲಿ ಒಂದು ಕಾಲಕ್ಕೆ ಕನ್ನಡ ಮೊಳೆಗಳಿದ್ದ ಜಾಗ ತಿಳಿಯಿತು.

ಕಾಲಗಣನೆಯೂ ಒಳ್ಳೆಯ ಅಭ್ಯಾಸ. ಶಾಲಿವಾಹನ ಶಕೆ 1889, ಪ್ಲವಂಗ ಸಂವತ್ಸರ ಎಂದಿದ್ದರೆ 78ನ್ನು ಕೂಡಿಸಬೇಕು. 1967ರ ಯುಗಾದಿಯಿಂದ ಆರಂಭವಾದ ವರ್ಷವೆಂದು ತಿಳಿಯುತ್ತದೆ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುವುದರಿಂದ, ಶಕವರ್ಷ ಹರಿದುಹೋಗಿದ್ದರೂ ಅಜ್ಜಿಯ ವಯಸ್ಸಿನಿಂದ ಅದು ಯಾವ ಸುತ್ತಿನದೆಂದು ಊಹಿಸಬಹುದು. ‘ಚಿ||’, ‘ಕುಂ||’, ‘ಸೌ||’ ಎಂಬ ಮೊಟಕು ರೂಪಗಳ ಎರಡು ಗೆರೆಗಳನ್ನು ಬಿಡಿಸಿ ಹೇಳಿಸಿ. ಸೊಲ್ಲಾಪುರದ ಕಡೆಯ ಪತ್ರಿಕೆಯಲ್ಲಿ ‘ಚಿ. ಸೌ. ಕಾಂ.’ ಎಂದಿದ್ದರೆ ಅದು ಸೌಭಾಗ್ಯಕಾಂಕ್ಷಿಣಿ. ಮರಾಠಿಯೊಡನೆ ಹಂಚಿಕೊಂಡ ರೂಢಿ. ಅದನ್ನು ತಿದ್ದಬೇಕಾಗಿಲ್ಲ.

ಒಂದು ಎಚ್ಚರಿಕೆ. ಪತ್ರಿಕೆ ತರಲಾಗದ ಮಗುವನ್ನು ಒತ್ತಾಯಿಸಬಾರದು. ಅಚ್ಚುಹಾಕಿಸದೆ, ಕುಂಕುಮ ಅಕ್ಷತೆಯೊಡನೆ ಮನೆಮನೆಗೆ ಹೋಗಿ ಬಾಯಿಮಾತಿನಲ್ಲಿ ಕರೆಯುವ ಕುಟುಂಬಗಳಿವೆ. ಆ ಕರೆಯುವ ಮಾತುಗಳನ್ನು ಬರೆದುಕೊಂಡು ಬಂದರೆ ಅದು ಅಚ್ಚಿನ ಪತ್ರಿಕೆಗಿಂತ ಕಡಿಮೆಯೇನಲ್ಲ. ಪತ್ರಿಕೆಗಳಲ್ಲಿ ಮನೆತನದ ವಿವರಗಳೆಲ್ಲ ಇರುವುದರಿಂದ ಅವನ್ನು ತರಗತಿಯಲ್ಲಿ ಹೋಲಿಸಿ ನೋಡುವುದೂ ಸಲ್ಲದು. ನೋಡಬೇಕಾದುದು ಅಕ್ಷರ, ಪದ, ಊರು, ಕಾಲ.

ಊರಿನ ಹೆಸರುಗಳ ವಿಷಯದಲ್ಲಿ ಮಾತ್ರ ಹೆಚ್ಚಿನ ಹೊತ್ತು ನಿಲ್ಲಬೇಕು. ಈಚಿನ ಪತ್ರಿಕೆಗಳ ಮಾತುಗಳನ್ನು ಮೊದಲು ಇಂಗ್ಲಿಷ್ ಅಕ್ಷರಗಳಲ್ಲಿ ಫೋನಿನಲ್ಲಿ ಒತ್ತಿ, ಅಲ್ಲಿಂದ ಕನ್ನಡಕ್ಕೆ ತಿರುಗಿಸುವ ಅಭ್ಯಾಸ ಹಬ್ಬಿದೆ. ಇಂಗ್ಲಿಷಿಗೆ ಹೋಗಿ ಬಂದ ಹೆಸರಿನಲ್ಲಿ ಹ್ರಸ್ವದೀರ್ಘಗಳೂ, ಲಕಾರ ಳಕಾರಗಳ, ನಕಾರ ಣಕಾರಗಳ ಭೇದವೂ ಉಳಿಯುವುದಿಲ್ಲ. ಆದವಾನಿ ‘ಅಡೋನಿ’ಯಾಗುತ್ತದೆ, ತಾಳವಾಡಿ ‘ತಲವಾಡಿ’ಯಾಗುತ್ತದೆ, ಕುಂಬಳೆ ‘ಕುಂಬ್ಲಾ’ ಆಗುತ್ತದೆ, ಸೊಲ್ಲಾಪುರದ ಒತ್ತು ಬಿದ್ದುಹೋಗುತ್ತದೆ. ಹಳೆಯ ಅಚ್ಚುಮೊಳೆಯ ಪತ್ರಿಕೆಯಲ್ಲಿ ಆ ಹೆಸರನ್ನು ಊರಿನವರೇ ಕರಡು ತಿದ್ದಿ ಅಚ್ಚುಹಾಕಿಸಿದ ರೂಪ ಸಿಗುತ್ತದೆ. ದೊಡ್ಡ ಊರುಗಳಿಗೆ ಗ್ರಂಥಗಳ ಆಧಾರವಿದೆ; ಹತ್ತು ಮನೆಯ ಹಳ್ಳಿಗೆ, ಒಂದು ಹೊಲದ ಹೆಸರಿಗೆ, ಒಂದು ಮನೆಯ ಹೆಸರಿಗೆ ಈ ಪತ್ರಿಕೆಯ ಹೊರತು ಬೇರೆ ಕನ್ನಡ ದಾಖಲೆ ಇರಲಾರದು. ಅಂಥ ಹೆಸರುಗಳ ಪಟ್ಟಿಯೊಂದನ್ನು ಶಾಲೆಯಲ್ಲಿ ಬೆಳೆಸುತ್ತ ಹೋಗುವುದು ಸಾಧ್ಯ.

ತರಗತಿಯಲ್ಲಿ ಅಚ್ಚು ಹಾಕುವ ಕ್ರಮ

ಹತ್ತಿರದಲ್ಲಿ ಹಳೆಯ ಅಚ್ಚುಕೂಟವಿದ್ದು, ಅದರ ಮಾಲೀಕರು ಒಪ್ಪಿದರೆ ಮಕ್ಕಳಿಗೆ ತೋರಿಸಬಹುದು. ಸೀಸದ ಮೊಳೆ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ತಿಂಡಿ ಮುಟ್ಟಬಾರದು. ಟ್ರೆಡಲ್ ಯಂತ್ರದ ಎರಡು ಫಲಕಗಳ ನಡುವೆ ಬೆರಳು ಸಿಕ್ಕುವ ಅಪಾಯವಿರುವುದರಿಂದ ಮಕ್ಕಳು ದೂರ ನಿಂತೇ ನೋಡಬೇಕು.

ಅಚ್ಚುಕೂಟವಿಲ್ಲದ ಕಡೆ, ಸೈಕಲ್ ಟ್ಯೂಬು ಸಾಕು. ಹಳೆಯ ಟ್ಯೂಬನ್ನು ಸೀಳಿ, ತೊಳೆದು, ಒಣಗಿಸಿ. ಅಕ್ಷರವನ್ನು ತೆಳುಕಾಗದದ ಮೇಲೆ ಸುಮಾರು 3 ಸೆಂಟಿಮೀಟರ್ ಎತ್ತರಕ್ಕೆ, ಗೆರೆ 3 ಮಿಲಿಮೀಟರಿಗಿಂತ ತೆಳ್ಳಗಾಗದಂತೆ ಬರೆಯಿಸಿ, ಕಾಗದವನ್ನು ಮಗುಚಿ ಬೆಳಕಿಗೆ ಹಿಡಿದು ತಿರುವು ರೂಪವನ್ನು ರಬ್ಬರಿನ ಮೇಲೆ ಎತ್ತಿಕೊಳ್ಳಬೇಕು. ಕತ್ತರಿಯಿಂದ ಕತ್ತರಿಸಿ, ಪಂಕ್ಚರ್ ಹಾಕುವ ಅಂಟಿನಿಂದ ಮರದ ತುಂಡಿಗೆ ಅಂಟಿಸಿದರೆ ಮೊಳೆ ಸಿದ್ಧ. ಬಡಗಿಯ ಬಳಿ ಒಂದೇ ಪಟ್ಟಿಯಿಂದ ತುಂಡುಗಳನ್ನು ಕೊಯ್ಯಿಸಿ. ಆಗ ಎತ್ತರ ತಾನಾಗಿ ಸಮನಾಗುತ್ತದೆ. ಅಕ್ಷರವನ್ನು ತುಂಡಿನ ಮೇಲ್ಭಾಗಕ್ಕೆ ಅಂಟಿಸಿ ಕೆಳಗೆ ಮೂರನೆಯ ಒಂದು ಪಾಲು ಖಾಲಿ ಬಿಡುವುದನ್ನು ಮರೆಯಬಾರದು. ಅದು ಒತ್ತಕ್ಷರದ ಜಾಗ. ಒತ್ತಿನ ತುಂಡಿನಲ್ಲಿ ಮೇಲ್ಭಾಗ ಖಾಲಿ, ಕೆಳಭಾಗದಲ್ಲಿ ಒತ್ತು.

ಇಷ್ಟು ದೊಡ್ಡ ಅಕ್ಷರಗಳಲ್ಲಿ ಇಡೀ ಪತ್ರಿಕೆಯನ್ನು ಅಚ್ಚುಹಾಕಲಾಗದು. ಹಾಕಲು ಹೋಗುವುದೂ ಬೇಡ. ಶಿರೋನಾಮೆ ಮತ್ತು ಹೆಸರಿಡುವ ಕೂಸಿನ ಹೆಸರೋ ಮನೆಯ ಹೆಸರೋ ಅಚ್ಚಿನಲ್ಲಿರಲಿ, ಉಳಿದುದು ದುಂಡಕ್ಷರದ ಕೈಬರಹದಲ್ಲಿರಲಿ. ‘ಆಮಂತ್ರಣ’ ಎಂಬ ಶಿರೋನಾಮೆಗೆ ಆರು ತುಂಡು ಸಾಕು: ಆ, ಮ, ಅನುಸ್ವಾರ, ತ, ರಕಾರದ ಒತ್ತು, ಣ. ಇವುಗಳಲ್ಲಿ ತಿರುವಿದರೂ ಬದಲಾಗದ ತುಂಡು ಯಾವುದೆಂದು ಕೇಳಿ. ಅನುಸ್ವಾರವೆಂದು ಮಕ್ಕಳು ಬೇಗ ಕಂಡುಹಿಡಿಯುತ್ತಾರೆ. ತುಂಡುಗಳನ್ನು ಬಲದಿಂದ ಎಡಕ್ಕೆ ಜೋಡಿಸಿ, ಕಟ್ಟಿನೊಳಗಿಟ್ಟು, ಸಂದುಗಳಿಗೆ ರಟ್ಟಿನ ಚೂರು ಸಿಕ್ಕಿಸಿ ಬಿಗಿಮಾಡಬೇಕು. ಕಂಪೋಸಿಟರನಂತೆ ತಲೆಕೆಳಗಾಗಿ ಎಡದಿಂದ ಬಲಕ್ಕೆ ಜೋಡಿಸಿದರೂ ಫಲ ಒಂದೇ. ದೊಡ್ಡ ಮಕ್ಕಳಿಗೆ ಎರಡೂ ಕ್ರಮವನ್ನು ಕೊಟ್ಟು ಹೋಲಿಸಲು ಹೇಳಬಹುದು.

ಶಾಯಿ ಅತಿಯಾಗಬಾರದು. ಗಾಜಿನ ಮೇಲೆ ತೆಳ್ಳಗೆ ಹರಡಿದ ಮುದ್ರಣ ಶಾಯಿಯನ್ನು ಬಟ್ಟೆಯ ಉಂಡೆಯಿಂದ ತಟ್ಟಿ ತಟ್ಟಿ ಹಚ್ಚಬೇಕು. ಉಜ್ಜಿದರೆ ಧಕಾರದ ಸೀಳು ಮುಚ್ಚುತ್ತದೆ. ನೀರುಬಣ್ಣ ಹರಿದುಹೋಗುತ್ತದೆ. ಹೊಳಪಿಲ್ಲದ, ತುಸು ದಪ್ಪ ಕಾಗದವನ್ನು ಮೇಲೆ ಹಾಸಿ, ಅದರ ಮೇಲೊಂದು ಮಡಿಚಿದ ಸುದ್ದಿಪತ್ರಿಕೆಯಿಟ್ಟು ಅಂಗೈಯಿಂದ ಒತ್ತಿ, ಬಳಿಕ ಸುದ್ದಿಪತ್ರಿಕೆ ತೆಗೆದು ಚಮಚೆಯ ಬೆನ್ನಿನಿಂದ ಅಕ್ಷರ ಅಕ್ಷರದ ಮೇಲೂ ಸವರಬೇಕು. ಎಣ್ಣೆಯ ಶಾಯಿ ಒಣಗಲು ಒಂದು ದಿನವಾದರೂ ಬೇಕು, ದಾರಕ್ಕೆ ತೂಗುಹಾಕಿ. ಎಣ್ಣೆ ರಬ್ಬರನ್ನು ಕ್ರಮೇಣ ಉಬ್ಬಿಸುವುದರಿಂದ ಕೆಲಸ ಮುಗಿದೊಡನೆ ತುಂಡುಗಳನ್ನು ಒರೆಸಬೇಕು.

ಮೊದಲ ಪ್ರತಿಯನ್ನು ಕರಡಚ್ಚೆಂದೇ ತಿಳಿದು, ಆ ಮಗುವಿನ ಮನೆಗೆ ಕಳುಹಿಸಿ. ಊರಿನ ಹೆಸರು, ಸಂಬಂಧದ ಪದ, ತಿಂಗಳ ಹೆಸರು ಸರಿಯಿದೆಯೇ ಎಂದು ಹಿರಿಯರಿಗೆ ಓದಿ ಹೇಳುವ ಕೆಲಸ ಮಗುವಿನದು. ಚಿಕ್ಕಪ್ಪನನ್ನು ನಿಮ್ಮ ಊರಿನಲ್ಲಿ ಕಾಕಾ ಎನ್ನುತ್ತಾರಾದರೆ ಪತ್ರಿಕೆಯಲ್ಲಿ ಕಾಕಾ ಎಂದೇ ಇರಲಿ. ಬೀಗರ ಕಡೆಯವರು ಕನ್ನಡ ಓದಲಾರದವರಾದರೆ ಇನ್ನೊಂದು ಮಗ್ಗುಲಲ್ಲಿ ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ ಇರಬೇಕಾದುದು ಮರ್ಯಾದೆಯೇ ಸರಿ. ಕನ್ನಡದ ಮಗ್ಗುಲು ಅದರ ಅನುವಾದವಾಗದೆ ತನ್ನದೇ ಮಾತಿನಲ್ಲಿರಲಿ.

ಮನೆಯವರು ಪಟ್ಟಣದ ಮುದ್ರಣಾಲಯದಲ್ಲಿ ಗಣಕದಿಂದ ಪತ್ರಿಕೆ ಮಾಡಿಸುವುದಾದರೂ ಶಿಕ್ಷಕರು ನೆರವಾಗಬಹುದು. ಕನ್ನಡ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ಒತ್ತುಗಳು ಕಳಚಿ ಪಕ್ಕಕ್ಕೆ ಬರುತ್ತವೆ, ಅರ್ಕಾವತ್ತು ತಪ್ಪು ಕಡೆ ನಿಲ್ಲುತ್ತದೆ. ಮಾತುಗಳನ್ನು ಮೊದಲೇ ಸರಿಯಾಗಿ ಜೋಡಿಸಿ ಪಿಡಿಎಫ್ ಮಾಡಿ ಕೊಟ್ಟರೆ ಅಕ್ಷರಗಳು ಕದಲುವುದಿಲ್ಲ. ಅಚ್ಚಿಗೆ ಮೊದಲು ಕಾಗದದ ಮೇಲೊಂದು ಪ್ರತಿ ತೆಗೆಸಿ ಓದಬೇಕು; ಪರದೆಯ ಮೇಲೆ ತಪ್ಪಿದ ದೋಷ ಕಾಗದದ ಮೇಲೆ ಕಾಣುತ್ತದೆ.

ಮುದ್ರಣ ಮುಗಿದ ಮೇಲೆ ಅಚ್ಚುಕೂಟದಲ್ಲಿ ಮೊಳೆ ಬಿಚ್ಚುವ ಕೆಲಸ ಉಳಿಯುತ್ತಿತ್ತು. ಜೋಡಿಸಿದ ಒಂದೊಂದನ್ನೂ ಓದಿ ಅದರದರ ಮನೆಗೆ ಮರಳಿಸಬೇಕು; ದಕಾರದ ಮನೆಗೆ ಧಕಾರ ಬಿದ್ದರೆ ಮುಂದಿನ ಪತ್ರಿಕೆಯಲ್ಲಿ ತಪ್ಪು ಕಾದಿರುತ್ತದೆ. ತರಗತಿಯಲ್ಲಿಯೂ ಇದನ್ನು ಬಿಡಬಾರದು. ಬೆಂಕಿಪೊಟ್ಟಣಗಳನ್ನು ಅಂಟಿಸಿ ಕೇಸು ಮಾಡಿ, ಒಂದೊಂದು ಮನೆಗೂ ಹೆಸರು ಬರೆಯಿಸಿ: ಇಳಿ, ಕೊಂಬು, ಕೊಂಬಿನ ಇಳಿ, ದೀರ್ಘ, ಅರ್ಕಾವತ್ತು. ತುಂಡುಗಳನ್ನು ಮನೆಗೆ ಸೇರಿಸುವ ಪಾಳಿಯನ್ನು, ಅಚ್ಚು ಹಾಕುವಾಗ ಹಿಂದೆ ಕುಳಿತಿದ್ದ ಮಕ್ಕಳಿಗೇ ಕೊಡಿ.